ಗ್ರಾಫಿಂಗ್ ಕ್ಯಾಲ್ಕುಲೇಟರಿನ ವೇಗ ಬದಲಿಸುವ ಬಗೆ: ಮೊದಲು ನಿಧಾನ, ಆಮೇಲೆ ಜೋರು

ನಿಮ್ಮ ಕೈಯಲ್ಲಿರುವುದು ಸಮೀಕರಣ ಕೊಟ್ಟರೆ ಗ್ರಾಫ್ ಬಿಡಿಸುವ ಟಿಐ-83 ಕ್ಯಾಲ್ಕುಲೇಟರ್ ಆಗಿದ್ದು, ಅದು ನಿಧಾನ ಅನ್ನಿಸಿದರೆ, ಸ್ಕ್ರೂಡ್ರೈವರ್ ಹುಡುಕುವ ಮೊದಲು ವಿಂಡೋ ಕೀಲಿ ಒತ್ತಿ ನೋಡಿ. ಪಟ್ಟಿಯ ಕೊನೆಯಲ್ಲಿ ಎಕ್ಸ್‌ರೆಸ್ (Xres) ಎಂಬ ಸಾಲಿದೆ. ಅದು 1 ಆಗಿದ್ದರೆ, ಗ್ರಾಫ್ ಬಿಡಿಸುವಾಗ ಪರದೆಯ ಅಡ್ಡಸಾಲಿನ ಪ್ರತಿ ಚುಕ್ಕಿಗೂ ಸಮೀಕರಣವನ್ನು ಒಂದು ಸಲ ಲೆಕ್ಕ ಹಾಕುತ್ತದೆ. 2 ಮಾಡಿದರೆ ಒಂದು ಬಿಟ್ಟು ಒಂದಕ್ಕೆ ಹಾಕುತ್ತದೆ, ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 8ರವರೆಗೂ ಏರಿಸಬಹುದು. ಗ್ರಾಫ್ ಬೇಗ ಮೂಡಬೇಕು ಎಂಬುದಷ್ಟೇ ನಿಮಗೆ ಬೇಕಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಗೆರೆ ಸ್ವಲ್ಪ ಒರಟಾಗುತ್ತದೆ, ಅಷ್ಟೆ.

ಮುಂದಿನದು, ಆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತಿದೆ ಎಂದು ಕಣ್ಣಾರೆ ನೋಡಬೇಕು, ಕೈಯಾರೆ ಬದಲಿಸಬೇಕು ಅನ್ನುವವರಿಗೆ. ಅಮೆರಿಕದಲ್ಲಿ ಓದಿ ಬಂದ ಅಕ್ಕ ತನ್ನ ಟಿಐ-83 ಅನ್ನು ನನಗೆ ಕೊಟ್ಟಾಗಿನಿಂದ ಈ ಹುಚ್ಚು ನನಗಿದೆ. ನಮ್ಮ ಪಿಯುಸಿಯಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಜಾಗವಿಲ್ಲ. ಇಲ್ಲಿ ಅದು ಕಾಣಿಸುವುದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಶಾಲೆಗಳ ಮಕ್ಕಳ ಬ್ಯಾಗಿನಲ್ಲಿ, ಇಲ್ಲವೇ ಹೊರದೇಶದಿಂದ ಮರಳಿದವರ ಅಟ್ಟದ ಮೇಲೆ. ಅಟ್ಟದ ಮೇಲಿನದನ್ನು ಆರಿಸಿಕೊಳ್ಳಿ. ಪರೀಕ್ಷೆಗೆ ಒಯ್ಯುವ ಕ್ಯಾಲ್ಕುಲೇಟರಿಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ. ನಡುಪರೀಕ್ಷೆಯಲ್ಲಿ ಅದು ಕೈಕೊಟ್ಟರೆ ಮಗುವಿಗೆ ಆಗುವ ನಷ್ಟವನ್ನು ಯಾವ ವೇಗವೂ ತುಂಬಿಕೊಡುವುದಿಲ್ಲ.

ಯಾವ ಕ್ಯಾಲ್ಕುಲೇಟರಿಗೆ ಇದು ಹೊಂದುತ್ತದೆ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ 1990ರ ದಶಕದ ಯಂತ್ರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. 1992ರ ಟಿಐ-85, 1993ರ ಟಿಐ-82, 1996ರ ಟಿಐ-83, ಅದರ ಬೆನ್ನಿಗೇ ಬಂದ ಟಿಐ-86: ಇವೆಲ್ಲವೂ ಝಡ್80 ಬಗೆಯ ಪ್ರೊಸೆಸರಿನಿಂದ ನಡೆಯುವಂಥವು, ವೇಗ ಸುಮಾರು 6 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಅರವತ್ತು ಲಕ್ಷ ಮಿಡಿತ. ಝಡ್80 ಅನ್ನು ಝೈಲಾಗ್ ಕಂಪನಿ 1976ರಲ್ಲಿ ಹೊರತಂದಿತು. ಬಿಡಿ ಚಿಪ್ಪಾಗಿ ಮಾರುವುದನ್ನು ನಿಲ್ಲಿಸಿದ್ದು 2024ರಲ್ಲಿ. ಅಷ್ಟು ದೀರ್ಘ ಆಯುಸ್ಸಿನ ಚಿಪ್ ಬೇರೆ ಹೆಚ್ಚಿಲ್ಲ.

ಇವುಗಳ ನಂತರದ ಯಂತ್ರಗಳಿಗೆ ಈ ಸಾಹಸ ಬೇಕಿಲ್ಲ. 2004ರ ಟಿಐ-84 ಪ್ಲಸ್ 15 ಮೆಗಾಹರ್ಟ್ಸಿನಲ್ಲಿ ಓಡುತ್ತದೆ, ಟಿಐ-84 ಪ್ಲಸ್ ಸಿಇ 48ರಲ್ಲಿ. ಕ್ಯಾಸಿಯೊದ ಬಣ್ಣದ ಪರದೆಯ ಎಫ್‌ಎಕ್ಸ್-ಸಿಜಿ50 ಇದ್ದವರಿಗೆ ಪಿಟ್ಯೂನ್ ಎಂಬ ಪುಟ್ಟ ಸಾಫ್ಟ್‌ವೇರ್ ಇದೆ. ಅದು ಚಿಪ್ಪಿನೊಳಗಿನ ರಿಜಿಸ್ಟರುಗಳೆಂಬ ಪುಟ್ಟ ನೆನಪಿನ ಗೂಡುಗಳನ್ನೇ ತಿದ್ದಿ ವೇಗ ಬದಲಿಸುತ್ತದೆ, ಬೆಸುಗೆಯ ಮಾತೇ ಬರುವುದಿಲ್ಲ.

ಕಪಾಸಿಟರಿಗೂ ವೇಗಕ್ಕೂ ಏನು ನಂಟು

ಪ್ರೊಸೆಸರ್ ಹೆಜ್ಜೆ ಹಾಕಬೇಕಾದರೆ ಯಾರೋ ತಾಳ ಹಾಕಬೇಕು. ಕಂಪ್ಯೂಟರಿನಲ್ಲಿ ಆ ಕೆಲಸ ಕ್ವಾರ್ಟ್ಜ್ ಹರಳಿನದು. ಈ ಹಳೆಯ ಕ್ಯಾಲ್ಕುಲೇಟರುಗಳಲ್ಲಿ ಹರಳಿಲ್ಲ. ಒಂದು ಪುಟ್ಟ ಕಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ತುಂಬುತ್ತದೆ, ಒಂದು ಮಟ್ಟ ಮುಟ್ಟಿದ ಕೂಡಲೇ ಚಿಪ್ಪಿನೊಳಗಿನ ಗೇಟ್ ಮಗುಚಿಕೊಂಡು ಅದನ್ನು ಖಾಲಿ ಮಾಡುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ಅರವತ್ತು ಲಕ್ಷ ಸಲ.

ನಲ್ಲಿಯ ಕೆಳಗೆ ಕೊಡ ಇಟ್ಟ ಹಾಗೆ. ನೀರಿನ ರಭಸ (ಇಲ್ಲಿ ಅದನ್ನು ನಿಗದಿ ಮಾಡುವುದು ರೆಸಿಸ್ಟರ್ ಎಂಬ, ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಅಷ್ಟೇ ಇದ್ದು ಕೊಡ ಚಿಕ್ಕದಾದರೆ ಬೇಗ ತುಂಬುತ್ತದೆ, ಬೇಗ ಬೇಗ ಬದಲಿಸಬೇಕಾಗುತ್ತದೆ. ಕಪಾಸಿಟರಿನ ಬೆಲೆ (ದುಡ್ಡಲ್ಲ, ಅದು ವಿದ್ಯುತ್ತು ಹಿಡಿಯುವ ಅಳತೆ) ಕಡಿಮೆ ಮಾಡಿದರೆ ತಾಳ ಚುರುಕು, ಹೆಚ್ಚಿಸಿದರೆ ತಾಳ ನಿಧಾನ.

ನಾವಿಲ್ಲಿ ಮಾತಾಡುತ್ತಿರುವುದು ಪಿಕೊಫ್ಯಾರಡ್‌ಗಳ ಲೆಕ್ಕ, ಅಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿಯ ಒಂದು ಪಾಲು. ಇಷ್ಟು ಸಣ್ಣ ಅಳತೆಯಲ್ಲಿ ಬೋರ್ಡಿನ ತಾಮ್ರದ ಗೆರೆಗಳು, ಚಿಪ್ಪಿನ ಕಾಲುಗಳು, ನೀವು ಎಳೆಯುವ ವೈರು ಎಲ್ಲವೂ ಕಪಾಸಿಟರುಗಳೇ. ಇದನ್ನು ಬಿಡಿ ಕಪಾಸಿಟೆನ್ಸ್ ಎಂದು ಕರೆಯೋಣ. ಇದರ ಅರಿವಿಲ್ಲದೆ, ಎಲ್ಲೋ ಓದಿದ ಅಂಕಿ ನಂಬಿ ಬೆಸೆದವರ ಕ್ಯಾಲ್ಕುಲೇಟರ್ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಬೋರ್ಡಿನಿಂದ ಬೋರ್ಡಿಗೆ ಕಪಾಸಿಟರಿನ ಜಾಗ, ನಂಬರು ಎರಡೂ ಬದಲಾಗುವುದರಿಂದ ಇಂಥ ನಂಬರಿನದನ್ನೇ ಕೀಳಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ನೀವೇ ಹುಡುಕುವ ದಾರಿ ಹೇಳುತ್ತೇನೆ. ಅದರ ಗುಟ್ಟು ಇಷ್ಟೆ: ಏನನ್ನೂ ಕೀಳಬೇಡಿ, ಮೊದಲು ಸೇರಿಸಿ. ಸೇರಿಸಿದರೆ ಯಂತ್ರ ನಿಧಾನವಾಗುತ್ತದೆ. ನಿಧಾನವಾದ ಪ್ರೊಸೆಸರಿಗೆ ಯಾವ ಕೇಡೂ ಇಲ್ಲ.

ಬೇಕಾದ ಸಾಮಾನು

ಸಪೂರ ತುದಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್, ತೆಳು ಸೋಲ್ಡರ್, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವಂಥದ್ದು), ಡಿಸೋಲ್ಡರಿಂಗ್ ವಿಕ್ (ಕರಗಿದ ಸೋಲ್ಡರ್ ಹೀರುವ ತಾಮ್ರದ ಜಡೆ), ಚೂಪು ಚಿಮಟ, ಭೂತಗನ್ನಡಿ, ಮಲ್ಟಿಮೀಟರ್. ಟಿ6 ಅಳತೆಯ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕೇ ಬೇಕು. ಸ್ಕ್ರೂ ತಲೆಯಲ್ಲಿ ಆರು ಮೂಲೆಯ ನಕ್ಷತ್ರದ ಗುಳಿ ಇರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುವಿದರೆ ಗುಳಿ ಸವೆದು ಸ್ಕ್ರೂ ಮತ್ತೆಂದೂ ಬರುವುದಿಲ್ಲ. ಜೊತೆಗೆ ಒಂದು ಪುಟ್ಟ ಸ್ಲೈಡ್ ಸ್ವಿಚ್.

ಕಪಾಸಿಟರುಗಳು ಸೆರಾಮಿಕ್ ಇರಲಿ, ಅದರಲ್ಲೂ ಎನ್‌ಪಿ0 ಬಗೆಯವು. ಬಿಸಿಗೆ ಇವುಗಳ ಬೆಲೆ ಅಲುಗುವುದಿಲ್ಲ. 5ರಿಂದ 33 ಪಿಕೊಫ್ಯಾರಡ್‌ವರೆಗೆ ಸಿಗುವ ಎಲ್ಲ ಬೆಲೆಯವನ್ನೂ ನಾಲ್ಕು ನಾಲ್ಕು ತೆಗೆದಿಟ್ಟುಕೊಳ್ಳಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತದೆ. ಕೊಳ್ಳುವಾಗ ಮೈಮೇಲಿನ ಸಂಖ್ಯೆ ಓದಿಕೊಳ್ಳಿ. ಮೂರು ಅಂಕಿಗಳಿದ್ದರೆ ಮೊದಲೆರಡು ಬೆಲೆ, ಮೂರನೆಯದು ಪಕ್ಕಕ್ಕೆ ಹಾಕಬೇಕಾದ ಸೊನ್ನೆಗಳ ಲೆಕ್ಕ. 100 ಎಂದಿದ್ದರೆ 10 ಪಿಕೊಫ್ಯಾರಡ್, ನೂರಲ್ಲ. ನೂರು ಬೇಕಿದ್ದರೆ 101 ಎಂದಿರಬೇಕು. ಎಲ್ಲೆಡೆ ಸಿಗುವ 104 ಅಂದರೆ ಒಂದು ಲಕ್ಷ ಪಿಕೊಫ್ಯಾರಡ್, ಅದು ಈ ಕೆಲಸಕ್ಕಲ್ಲ.

ಬಿಚ್ಚುವ ಮುನ್ನ ಹೊತ್ತು ಅಳೆಯಿರಿ

ಈ ಯಂತ್ರಗಳಲ್ಲಿ ನೀವು ಬರೆದಿಟ್ಟ ಪ್ರೋಗ್ರಾಮುಗಳೆಲ್ಲ ಇರುವುದು ರ‍್ಯಾಮಿನಲ್ಲಿ. ನಾಲ್ಕು ಟ್ರಿಪಲ್ ಎ ಸೆಲ್‌ಗಳನ್ನೂ, ಪಕ್ಕದ ಗುಂಡಿಯಂಥ ಲಿಥಿಯಂ ಸೆಲ್ಲನ್ನೂ ತೆಗೆದರೆ ಎಲ್ಲವೂ ಅಳಿಸಿಹೋಗುತ್ತದೆ. ಉಳಿಸಿಕೊಳ್ಳುವುದಿದ್ದರೆ ಲಿಂಕ್ ಕೇಬಲ್ಲಿನಿಂದ ಇನ್ನೊಂದು ಕ್ಯಾಲ್ಕುಲೇಟರಿಗೋ ಕಂಪ್ಯೂಟರಿಗೋ ಸಾಗಿಸಿಡಿ.

ಆಮೇಲೆ ಹೊಸ ಸೆಲ್ ಹಾಕಿ ಎರಡೇ ಸಾಲಿನ ಪ್ರೋಗ್ರಾಂ ಬರೆಯಿರಿ: ಒಂದು ಫಾರ್ (ಇಷ್ಟು ಸಲ ಸುತ್ತು ಎಂಬ ಆಜ್ಞೆ), ಅದರ ಕೆಳಗೆ ಒಂದು ಎಂಡ್. ನಡುವೆ ಏನೂ ಬೇಡ. ಸುತ್ತುಗಳ ಸಂಖ್ಯೆಯನ್ನು ಏರಿಸುತ್ತಾ ಇಳಿಸುತ್ತಾ ಒಂದು ನಿಮಿಷದ ಹತ್ತಿರ ಹಿಡಿಯುವಂತೆ ಹೊಂದಿಸಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ಅಳೆದು ಸರಾಸರಿ ಬರೆದಿಡಿ, ಸುತ್ತುಗಳ ಸಂಖ್ಯೆಯನ್ನೂ ಬರೆದಿಡಿ. ಬೆರಳು ಕಾಲು ಸೆಕೆಂಡ್ ತಪ್ಪಿದರೂ ಅರವತ್ತು ಸೆಕೆಂಡಿನಲ್ಲಿ ಅದು ಲೆಕ್ಕಕ್ಕಿಲ್ಲ.

ವಿದ್ಯುತ್ತಿನ ಮಿಡಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದೆಯಲ್ಲ, ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ಹತ್ತು ಪಟ್ಟು ತಗ್ಗಿಸುವ ಸಾಮಾನ್ಯ ಪ್ರೋಬ್‌ನ ತುದಿಯಲ್ಲೇ 10ರಿಂದ 15 ಪಿಕೊಫ್ಯಾರಡ್ ಇರುತ್ತದೆ. ಅದನ್ನು ತಾಳ ಹುಟ್ಟುವ ಕಾಲಿಗೆ ಮುಟ್ಟಿಸಿದ ಕ್ಷಣವೇ ತಾಳ ನಿಧಾನವಾಗುತ್ತದೆ, ನೀವು ಅಳೆಯುವುದು ಪ್ರೋಬ್ ಸೇರಿದ ವೇಗವನ್ನು. ಸ್ಟಾಪ್‌ವಾಚ್ ಬೋರ್ಡನ್ನು ಮುಟ್ಟುವುದಿಲ್ಲ, ಅದಕ್ಕೇ ಅದು ಇಲ್ಲಿ ದೊಡ್ಡ ಉಪಕರಣ.

ಬಿಚ್ಚುವುದು

ಸೆಲ್‌ಗಳನ್ನೆಲ್ಲ ತೆಗೆಯಿರಿ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಯಾವುದು ಎಲ್ಲಿಯದು ಎಂದು ಕಾಗದದ ಮೇಲೆ ಗುರುತು ಮಾಡಿ ಇಡಿ. ಸೆಲ್ಲಿನ ಗೂಡಿನೊಳಗೂ ಒಂದು ಸ್ಕ್ರೂ ಅಡಗಿರಬಹುದು, ಮುಚ್ಚಳ ಏಳದಿದ್ದರೆ ಬಲ ಹಾಕದೆ ಅಲ್ಲಿ ನೋಡಿ. ಅಂಚಿನ ಕೊಕ್ಕೆಗಳನ್ನು ಹಳೆಯ ಸಿಮ್ ಕಾರ್ಡಿನಂಥ ಪ್ಲಾಸ್ಟಿಕ್ಕಿನಿಂದ ಸುತ್ತಲೂ ಬಿಡಿಸುತ್ತಾ ಬನ್ನಿ.

ಬೋರ್ಡಿನಿಂದ ಪರದೆಗೆ ಹೋಗುವ ರಿಬ್ಬನ್ ಕೇಬಲ್ ಕಂಡರೆ ಅದರ ಮೇಲೆ ನಿಮ್ಮ ಜೀವ ಇಟ್ಟುಕೊಂಡಂತೆ ಇರಿ. ಅದನ್ನು ಬೋರ್ಡಿಗೆ ಕೂರಿಸಿರುವುದು ಬಿಸಿಯೊತ್ತಿ, ಬೆಸುಗೆಯಿಂದಲ್ಲ. ಎರಡು ಸಲ ಮಡಿಚಿದರೆ ಪರದೆಯಲ್ಲಿ ಕೆಲವು ಸಾಲುಗಳು ಕಾಣೆಯಾಗುತ್ತವೆ, ಮತ್ತೆ ಅಂಟಿಸುವುದು ಬಹಳ ಕಷ್ಟ. ಬೋರ್ಡನ್ನು ಎತ್ತಿ ತಿರುವುವ ಅಗತ್ಯ ಬಿದ್ದರೆ ಪರದೆಯನ್ನೂ ಜೊತೆಗೇ ಎತ್ತಿ.

ಮೈಯ ಸ್ಥಿರವಿದ್ಯುತ್ತು ಚಿಪ್ಪಿಗೆ ಶತ್ರು. ಕೆಲಸಕ್ಕೆ ಕೂರುವ ಮುನ್ನ ನಲ್ಲಿಯಂಥ ಕಬ್ಬಿಣದ ವಸ್ತುವನ್ನು ಮುಟ್ಟಿ, ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಚಾಪೆ ದೂರವಿಡಿ.

ತೆರೆದಿಟ್ಟೇ ಓಡಿಸಿ ನೋಡಬೇಕಾಗುತ್ತದೆ. ಸೆಲ್ ಗೂಡು ಮುಚ್ಚಳದ ಜೊತೆ ಹೊರಬಂದಿದ್ದರೆ, ನಾಲ್ಕು ಸೆಲ್ ಕೂರುವ ಬೇರೊಂದು ಹೋಲ್ಡರಿನಿಂದ 6 ವೋಲ್ಟನ್ನು ಎರಡು ವೈರಿನಲ್ಲಿ ಕೊಡಿ. ಪ್ಲಸ್ಸು ಮೈನಸ್ಸನ್ನು ಮಲ್ಟಿಮೀಟರಿನಲ್ಲಿ ಎರಡು ಸಲ ಪರೀಕ್ಷಿಸಿದ ಮೇಲಷ್ಟೇ ಜೋಡಿಸಿ.

ಕಪಾಸಿಟರನ್ನು ಪತ್ತೆ ಹಚ್ಚುವುದು

ಬೋರ್ಡಿನ ಮೇಲೆ ಅಕ್ಕಿನುಚ್ಚಿನಷ್ಟು ದೊಡ್ಡ, ಕಂದು ಅಥವಾ ಬೂದು ಬಣ್ಣದ ತುಣುಕುಗಳು ಕಾಣುತ್ತವೆ. ಪಕ್ಕದಲ್ಲಿ ಸಿ ಅಕ್ಷರದ ಜೊತೆ ಸಂಖ್ಯೆ ಇದ್ದರೆ ಅದು ಕಪಾಸಿಟರ್, ಆರ್ ಇದ್ದರೆ ರೆಸಿಸ್ಟರ್. ರೆಸಿಸ್ಟರಿನ ಬೆನ್ನ ಮೇಲೆ ಅಂಕಿ ಅಚ್ಚಾಗಿರುತ್ತದೆ, ಈ ಕಪಾಸಿಟರುಗಳ ಮೇಲೆ ಏನೂ ಇರುವುದಿಲ್ಲ. ಆದ್ದರಿಂದ ಬೆಲೆ ನೋಡಿ ಗುರುತಿಸುವ ಮಾತಿಲ್ಲ. ಅಗ್ಗದ ಮಲ್ಟಿಮೀಟರುಗಳಿಗೆ ಒಂದೆರಡು ಪಿಕೊಫ್ಯಾರಡ್ ಗೊತ್ತೇ ಆಗುವುದಿಲ್ಲ.

ಮೊದಲು ಬೇಡದವನ್ನು ಕೈಬಿಡೋಣ. ಕೊಳವೆಯಾಕಾರದ ದೊಡ್ಡ ಕಪಾಸಿಟರುಗಳು ಅಲ್ಲ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಡೆಗೆ ತಿರುಗಿಸಿ, ಒಂದು ತುದಿಯಲ್ಲಿ ವಿದ್ಯುತ್ತಿನ ಪ್ಲಸ್ಸು, ಇನ್ನೊಂದರಲ್ಲಿ ಮೈನಸ್ಸು ಇರುವ ಕಪಾಸಿಟರುಗಳು ಯಾವುವು ನೋಡಿ. ಅವು ವೋಲ್ಟೇಜ್ ಅಲುಗದಂತೆ ಹಿಡಿದಿಡುವಂಥವು, ಅವೂ ಅಲ್ಲ. ಉಳಿದವುಗಳಲ್ಲಿ ದೊಡ್ಡ ಚಿಪ್ಪಿನ ಕಾಲಿಗೆ ಹತ್ತಿರವಿರುವ, ಪಕ್ಕದಲ್ಲೇ ರೆಸಿಸ್ಟರ್ ಇರುವ ಕಪಾಸಿಟರಿನಿಂದ ಶುರುಮಾಡಿ. ತಾಳ ಹಾಕುವವನು ದೂರ ಕೂರುವುದಿಲ್ಲ.

ಈಗ ಒಂದು 10 ಪಿಕೊಫ್ಯಾರಡಿನ ಕಪಾಸಿಟರಿನ ಕಾಲುಗಳನ್ನು ನಾಲ್ಕೈದು ಮಿಲಿಮೀಟರಿಗೆ ಕತ್ತರಿಸಿ, ತುದಿಗೆ ತುಸು ಸೋಲ್ಡರ್ ಹಚ್ಚಿಕೊಳ್ಳಿ. ಸೆಲ್ ತೆಗೆದಿರಬೇಕು. ಬೋರ್ಡಿನ ಮೇಲಿರುವ ಕಪಾಸಿಟರನ್ನು ಹಾಗೆಯೇ ಬಿಟ್ಟು, ಅದರ ಎರಡು ತುದಿಗಳಿಗೂ ಹೊಸದರ ಕಾಲುಗಳನ್ನು ಒಂದೇ ಸೆಕೆಂಡ್ ಬಿಸಿ ತಾಗಿಸಿ ಅಂಟಿಸಿ. ಪಕ್ಕದ ಪ್ಯಾಡಿಗೆ (ಬಿಡಿಭಾಗವನ್ನು ಬೆಸೆಯುವ ತಾಮ್ರದ ಚೂರಿಗೆ) ಸೋಲ್ಡರ್ ಹರಿದಿಲ್ಲ ತಾನೇ ಎಂದು ಭೂತಗನ್ನಡಿಯಲ್ಲಿ ನೋಡಿ, ಸೆಲ್ ಹಾಕಿ, ಎರಡು ಸಾಲಿನ ಪ್ರೋಗ್ರಾಮನ್ನು ಮತ್ತೆ ಬರೆದು ಓಡಿಸಿ.

ಹೊತ್ತು ಮೊದಲಿನಷ್ಟೇ ಬಂದರೆ ನೀವು ಹುಡುಕುತ್ತಿರುವುದು ಅದಲ್ಲ. ಬಿಡಿಸಿ ಮುಂದಿನದಕ್ಕೆ ಅಂಟಿಸಿ. ಅರವತ್ತು ಇದ್ದದ್ದು ಎಪ್ಪತ್ತು, ಎಂಬತ್ತು ಸೆಕೆಂಡಿಗೆ ಏರಿತೋ, ಸಿಕ್ಕಿತು. ಇನ್ನೂ ಏನನ್ನೂ ಕಿತ್ತಿಲ್ಲ, ಯಂತ್ರಕ್ಕೆ ಯಾವ ಅಪಾಯವೂ ಆಗಿಲ್ಲ ಎಂಬುದನ್ನು ಗಮನಿಸಿ. ಎಲ್ಲವನ್ನೂ ಪ್ರಯತ್ನಿಸಿದರೂ ಹೊತ್ತು ಅಲುಗದಿದ್ದರೆ ನಿಮ್ಮ ಬೋರ್ಡಿನಲ್ಲಿ ಆ ಕಪಾಸಿಟರ್ ಚಿಪ್ಪಿನೊಳಗೇ ಸೇರಿಹೋಗಿದೆ ಎಂದುಕೊಂಡು ಮುಚ್ಚಿಬಿಡಿ.

ಈಗ ಲೆಕ್ಕ

ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಉದಾಹರಣೆಗೆ ಮೊದಲು 60 ಸೆಕೆಂಡ್ ಹಿಡಿದಿತ್ತು, 10 ಪಿಕೊಫ್ಯಾರಡ್ ಸೇರಿಸಿದಾಗ 78 ಆಯಿತು ಎಂದುಕೊಳ್ಳೋಣ. ಹೊತ್ತು 1.3 ಪಟ್ಟಾಯಿತು. ಅಂದರೆ ನೀವು ಸೇರಿಸಿದ 10 ಪಿಕೊಫ್ಯಾರಡ್ ಅಲ್ಲಿ ಮೊದಲಿದ್ದುದರ ಹತ್ತರಲ್ಲಿ ಮೂರು ಪಾಲು. ಹಾಗಾದರೆ ಮೊದಲಿದ್ದದ್ದು ಹತ್ತನ್ನು 0.3ರಿಂದ ಭಾಗಿಸಿದಷ್ಟು, ಸುಮಾರು 33. ಅಳೆಯುವ ಉಪಕರಣವೇ ಇಲ್ಲದೆ, ಬಿಡಿ ಕಪಾಸಿಟೆನ್ಸ್ ಸಮೇತ ಒಟ್ಟು ಬೆಲೆ ಕೈಗೆ ಬಂತು.

ಇನ್ನೊಂದು ಹತ್ತು ಸೇರಿಸಿ ಖಚಿತ ಮಾಡಿಕೊಳ್ಳಿ. 96ರ ಹತ್ತಿರ ಬಂದರೆ ನಮ್ಮ ಊಹೆ ಸರಿ. 92, 93ರಲ್ಲಿ ನಿಂತರೆ ನಿಮ್ಮ ಯಂತ್ರದಲ್ಲಿ ರೆಸಿಸ್ಟರಿನ ಬದಲು ತಂತಿಯ ಸುರುಳಿ (ಇಂಡಕ್ಟರ್) ಇದೆ ಎಂದರ್ಥ. ಆಗ ಹೊತ್ತು ಏರುವುದು ಕಪಾಸಿಟರಿನ ವರ್ಗಮೂಲದ ಲೆಕ್ಕದಲ್ಲಿ, ಮುಂದಿನ ಅಂಕಿಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಎಷ್ಟು ವೇಗ ಬೇಕು? ಆಸೆಗೆ ಕಡಿವಾಣ ಬೇಕಾದ ಜಾಗ ಇದು. 6ರಿಂದ 9 ಮೆಗಾಹರ್ಟ್ಸ್ ನನ್ನ ಸಲಹೆ. ಹೆಚ್ಚೆಂದರೆ 10. ಕಾರಣ ಮೂರು.

ಒಂದು, ನೆನಪಿನ ಚಿಪ್ಪುಗಳು. 6 ಮೆಗಾಹರ್ಟ್ಸಿನಲ್ಲಿ ಒಂದು ತಾಳಕ್ಕೂ ಇನ್ನೊಂದಕ್ಕೂ ನಡುವೆ 167 ನ್ಯಾನೊಸೆಕೆಂಡ್ ಇರುತ್ತದೆ, 10ರಲ್ಲಿ 100 ಮಾತ್ರ. ಪ್ರೊಸೆಸರ್ ಕೇಳಿದ ಬೈಟನ್ನು ರೋಮ್ (ಸೆಲ್ ತೆಗೆದರೂ ಅಳಿಯದ ನೆನಪು), ರ‍್ಯಾಮ್ ಅಂಥ ಒಂದೆರಡು ಬಿಡುವುಗಳಲ್ಲೇ ಹುಡುಕಿ ಕೊಡಬೇಕು. ಕೊಡಲಾಗದಿದ್ದರೆ ಪ್ರೊಸೆಸರ್ ಕಸವನ್ನೇ ಆಜ್ಞೆ ಎಂದು ಓದಿ ದಾರಿ ತಪ್ಪುತ್ತದೆ.

ಎರಡು, ಪರದೆ. ಟಿಐ-82, ಟಿಐ-83ರ 96×64 ಚುಕ್ಕಿಗಳ ಪರದೆಯನ್ನು ನಡೆಸುವುದು ತೋಷಿಬಾದ ಟಿ6ಎ04 ಬಗೆಯ ಪ್ರತ್ಯೇಕ ಚಿಪ್. ಒಂದು ಆಜ್ಞೆ ಕೊಟ್ಟ ಮೇಲೆ ಮುಂದಿನದಕ್ಕೆ ಅದಕ್ಕೆ ಸುಮಾರು 10 ಮೈಕ್ರೊಸೆಕೆಂಡ್ ಬಿಡುವು ಬೇಕು. ಆ ಬಿಡುವನ್ನು ಸಾಫ್ಟ್‌ವೇರ್ ಕೊಡುವುದು ತಾಳ ಎಣಿಸಿ: 6 ಮೆಗಾಹರ್ಟ್ಸಿನಲ್ಲಿ 60 ತಾಳ. ತಾಳ ಜೋರಾಗಿ 10 ಆದರೆ ಅದೇ 60 ತಾಳ 6 ಮೈಕ್ರೊಸೆಕೆಂಡಿನಲ್ಲೇ ಮುಗಿಯುತ್ತದೆ. ಲೆಕ್ಕವೆಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಚುಕ್ಕಿಗಳು ಚೆಲ್ಲಾಪಿಲ್ಲಿ. ಟಿಐ-85, ಟಿಐ-86ರಲ್ಲಿ ಪರದೆಯ ಚಿತ್ರ ನೇರವಾಗಿ ರ‍್ಯಾಮಿನಿಂದಲೇ ಬರುವುದರಿಂದ ಈ ತೊಡಕಿಲ್ಲ.

ಮೂರು, ಪ್ರೊಸೆಸರೇ. ಬೋರ್ಡಿನ ಮೇಲೆ ಝಡ್80 ಬೇರೆ ಚಿಪ್ಪಾಗಿ ಕೂತಿದ್ದರೆ ಅದರ ಬೆನ್ನ ಮೇಲಿನ ಝಡ್84ಸಿ00 ಎಂಬುದರ ಮುಂದಿನ ಎರಡು ಅಂಕಿ ಓದಿ. 06 ಇದ್ದರೆ 6 ಮೆಗಾಹರ್ಟ್ಸಿಗೆ, 08 ಇದ್ದರೆ 8ಕ್ಕೆ, 10 ಇದ್ದರೆ 10ಕ್ಕೆ ಕಂಪನಿ ಭರವಸೆ ಕೊಟ್ಟಿದೆ. ಅದಕ್ಕಿಂತ ಮೇಲೆ ಓಡಿದರೂ ಅದು ಚಿಪ್ಪಿನ ಔದಾರ್ಯ.

ಲೆಕ್ಕಕ್ಕೆ ಮರಳೋಣ. ಒಟ್ಟು 33 ಇದ್ದಾಗ 6 ಮೆಗಾಹರ್ಟ್ಸ್. 9 ಬೇಕಾದರೆ ಒಟ್ಟು 22 ಇರಬೇಕು. ಆದರೆ ಈ 33ರಲ್ಲಿ ಕಪಾಸಿಟರಿನದೆಷ್ಟು, ಬಿಡಿ ಕಪಾಸಿಟೆನ್ಸ್ ಎಷ್ಟು ಎಂದು ಇನ್ನೂ ಗೊತ್ತಿಲ್ಲ. ಅದಕ್ಕೆ ಹಳೆಯದನ್ನು ಕೀಳಲೇಬೇಕು.

ಕೀಳುವುದು, ಬೆಸೆಯುವುದು

ನನ್ನ ಮೊದಲ ಪ್ರಯತ್ನದಲ್ಲಿ ಪ್ಯಾಡ್ ಕಿತ್ತುಬಂದಿತ್ತು. ಒಂದು ತುದಿಯನ್ನು ಕಾಯಿಸಿ ಎತ್ತಿದೆ, ಇನ್ನೊಂದು ತುದಿ ಇನ್ನೂ ಗಟ್ಟಿಯಾಗಿತ್ತು, ತಾಮ್ರದ ಹಾಳೆ ಕಪಾಸಿಟರಿನ ಜೊತೆಗೇ ಎದ್ದಿತು. ಆ ಗೆರೆಯನ್ನು ಹಿಂಬಾಲಿಸಿ, ಮೇಲಿನ ಹಸಿರು ಲೇಪವನ್ನು ಬ್ಲೇಡಿನ ತುದಿಯಿಂದ ಎರಡು ಮಿಲಿಮೀಟರ್ ಕೆರೆದು, ಹೊಳೆಯುವ ತಾಮ್ರಕ್ಕೆ ಬೆಸೆದು ಸರಿಪಡಿಸಿದೆ. ನಿಮಗೂ ಹಾಗಾದರೆ ಎದೆಗುಂದಬೇಡಿ, ಇದೇ ದಾರಿ. ಆದರೆ ಆಗದಂತೆ ನೋಡಿಕೊಳ್ಳುವುದು ಸುಲಭ. ಎರಡು ತುದಿಗೂ ಫ್ಲಕ್ಸ್ ಹಚ್ಚಿ, ಎರಡಕ್ಕೂ ಧಾರಾಳವಾಗಿ ಹೊಸ ಸೋಲ್ಡರ್ ಕೊಟ್ಟು, ಐರನ್ನಿನ ತುದಿಯನ್ನು ಅಡ್ಡ ಮಲಗಿಸಿ ಎರಡನ್ನೂ ಒಟ್ಟಿಗೆ ಕರಗಿಸಿ. ಕರಗಿದಾಗ ಕಪಾಸಿಟರ್ ತಾನಾಗಿ ತೇಲುತ್ತದೆ, ಐರನ್ನಿನ ತುದಿಗೆ ಅಂಟಿಕೊಂಡೇ ಬರುತ್ತದೆ. ಎಳೆಯಬಾರದು. ಉಳಿದ ಸೋಲ್ಡರನ್ನು ವಿಕ್ ಇಟ್ಟು ಹೀರಿಸಿ.

ಕಿತ್ತದ್ದನ್ನು ಒಂದು ಕಾಗದದ ಪೊಟ್ಟಣದಲ್ಲಿ ಹಾಕಿ ಹೆಸರು ಬರೆದಿಡಿ. ಜಾಗ ಖಾಲಿ ಬಿಟ್ಟು ಯಂತ್ರ ಹಚ್ಚಬೇಡಿ. ಬರೀ ಬಿಡಿ ಕಪಾಸಿಟೆನ್ಸಿನ ಮೇಲೆ ಅದು ಓಡಲು ಹೋದರೆ ವೇಗ ಹದ ಮೀರಿ, ಸ್ತಬ್ಧವಾಗಿ ನಿಂತುಬಿಡುತ್ತದೆ.

ಅಲ್ಲಿಗೆ 15 ಪಿಕೊಫ್ಯಾರಡ್ ಬೆಸೆದು ಅಳೆಯಿರಿ. 43 ಸೆಕೆಂಡ್ ಬಂತು ಎಂದುಕೊಳ್ಳಿ. 33ನ್ನು 43ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 24. ಅದರಲ್ಲಿ 15 ನಮ್ಮದು, ಉಳಿದ 9 ಬೋರ್ಡಿನ ಬಿಡಿ ಕಪಾಸಿಟೆನ್ಸ್. ಈಗ ಚಿತ್ರ ಪೂರ್ತಿಯಾಯಿತು. 15ರ ಬದಲು 12 ಹಾಕಿದರೆ ಒಟ್ಟು 21, ವೇಗ ಸುಮಾರು 9.4 ಮೆಗಾಹರ್ಟ್ಸ್. ಅದರ ಜೊತೆಗೆ ಇನ್ನೊಂದು 12 ಸೇರಿಸಿದರೆ ಒಟ್ಟು 33, ಮರಳಿ 6 ಮೆಗಾಹರ್ಟ್ಸ್. ಎರಡು 12ರ ಕಪಾಸಿಟರ್, ಒಂದು ಸ್ವಿಚ್. ಇಷ್ಟರಲ್ಲಿ ಎರಡೂ ವೇಗ ನಿಮ್ಮ ಕೈಗೆ ಬಂತು. ವೇಗ ಏರುತ್ತ ಹೋದಂತೆ ಚಿಪ್ಪಿನ ಗೇಟು ಮಗುಚುವ ಹೊತ್ತೂ ಲೆಕ್ಕಕ್ಕೆ ಬರುವುದರಿಂದ ನಿಜವಾದ ವೇಗ ಒಂದಿಷ್ಟು ಕಡಿಮೆ ಬರಬಹುದು. ಅಳೆದದ್ದನ್ನೇ ನಂಬಿ.

ಬೇಕಾದ ಬೆಲೆಯದು ಸಿಗದಿದ್ದರೆ ಜೋಡಿಸಿ ಮಾಡಿಕೊಳ್ಳಿ. ಎರಡು 22ನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಕಟ್ಟಿದರೆ 11. ಅಕ್ಕಪಕ್ಕ ಕಟ್ಟಿದರೆ ಕೂಡಿಕೊಳ್ಳುತ್ತವೆ.

ಸ್ವಿಚ್ ಎಲ್ಲಿ, ಹೇಗೆ

ಸ್ವಿಚ್ ಯಾಕೆ ಬೇಕು? ಅಸೆಂಬ್ಲಿ ಎಂಬ ಪ್ರೊಸೆಸರಿನ ಭಾಷೆಯಲ್ಲಿ ಬರೆದ ಆಟಗಳು 6 ಮೆಗಾಹರ್ಟ್ಸಿಗೆ ಹೊಂದಿಕೊಂಡಿರುತ್ತವೆ, ಜೋರಿನಲ್ಲಿ ಆಡಲಾಗುವುದಿಲ್ಲ. ಲಿಂಕ್ ಕೇಬಲ್ಲಿನಲ್ಲಿ ಕಡತ ಸಾಗಿಸುವಾಗಲೂ ಮೂಲ ವೇಗವೇ ನೆಮ್ಮದಿ.

ಅನೇಕರು ಎರಡು ದಿಕ್ಕಿನ ಸ್ವಿಚ್ ಹಾಕಿ, ಒಂದು ಕಡೆ ಒಂದು ಕಪಾಸಿಟರ್, ಇನ್ನೊಂದು ಕಡೆ ಇನ್ನೊಂದು ಎಂದು ಕಟ್ಟುತ್ತಾರೆ. ನನಗದು ಒಪ್ಪಿಗೆಯಿಲ್ಲ. ಸ್ವಿಚ್ಚಿನ ನಾಲಿಗೆ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ಮುಟ್ಟುವ ನಡುವಿನ ಕ್ಷಣದಲ್ಲಿ ಅಲ್ಲಿ ಯಾವ ಕಪಾಸಿಟರೂ ಇರುವುದಿಲ್ಲ. ಆ ಒಂದು ಕ್ಷಣ ಸಾಕು, ಯಂತ್ರ ಹುಚ್ಚೆದ್ದು ಓಡಿ ರ‍್ಯಾಮಿನಲ್ಲಿದ್ದುದೆಲ್ಲ ಹಾಳು. ಮೇಲೆ ಹೇಳಿದ ಹಾಗೆ ಜೋರು ವೇಗದ ಕಪಾಸಿಟರನ್ನು ಕಾಯಂ ಬೆಸೆದುಬಿಡಿ. ಸ್ವಿಚ್ ಎರಡನೆಯದನ್ನು ಸೇರಿಸುವುದು, ಬಿಡುವುದು ಮಾತ್ರ ಮಾಡಲಿ. ತಾಳ ಎಂದೂ ಒಂಟಿಯಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಪಾಸಿಟರಿನ ಎರಡು ಪ್ಯಾಡುಗಳಲ್ಲಿ ಯಾವುದು ಸೆಲ್ಲಿನ ಮೈನಸ್ಸಿಗೆ ಬೀಪ್ ಕೊಡುತ್ತದೆ ನೋಡಿ. ಅದು ತಣ್ಣಗಿನ ಪ್ಯಾಡ್, ಇನ್ನೊಂದು ತಾಳ ಮಿಡಿಯುವ ಪ್ಯಾಡ್. ಎರಡನೆಯ ಕಪಾಸಿಟರಿನ ಒಂದು ಕಾಲನ್ನು ಮಿಡಿಯುವ ಪ್ಯಾಡಿಗೆ ಆದಷ್ಟು ಗಿಡ್ಡವಾಗಿ ಬೆಸೆಯಿರಿ. ಅದರ ಇನ್ನೊಂದು ಕಾಲಿನಿಂದ ವೈರು ಸ್ವಿಚ್ಚಿಗೆ, ಸ್ವಿಚ್ಚಿನಿಂದ ವೈರು ತಣ್ಣಗಿನ ಪ್ಯಾಡಿಗೆ. ಹೀಗೆ ಕಟ್ಟಿದರೆ ಉದ್ದ ವೈರಿನ ಬಿಡಿ ಕಪಾಸಿಟೆನ್ಸ್ ತಾಳವನ್ನು ನೇರವಾಗಿ ಮುಟ್ಟುವುದಿಲ್ಲ. ತಿರುಗುಮುರುಗು ಮಾಡಿದರೆ ಸ್ವಿಚ್ಚಿನ ಹತ್ತಿರ ಬೆರಳು ತಂದರೂ ವೇಗ ಏರುಪೇರಾದೀತು. ಎರಡು ಪ್ಯಾಡೂ ಬೀಪ್ ಕೊಡದಿದ್ದರೆ ಸ್ವಿಚ್ಚನ್ನು ಬೋರ್ಡಿಗೆ ಒತ್ತಿದಂತೆ ಇಡುವುದೊಂದೇ ದಾರಿ. ಹೇಗಿದ್ದರೂ ವೈರು ಮೂರು ಸೆಂಟಿಮೀಟರ್ ಮೀರದಿರಲಿ.

ಸ್ವಿಚ್ಚಿಗೆ ತೂತು ಕೊರೆಯುವ ಮೊದಲು ಮುಚ್ಚಳವನ್ನು ಒಮ್ಮೆ ಹಾಕಿ, ಒಳಗೆ ಏನೂ ತಾಗುವುದಿಲ್ಲ ಎಂದು ನೋಡಿ. ಕೊರೆದ ಪ್ಲಾಸ್ಟಿಕ್ ಪುಡಿ ಕೀಲಿಗಳ ಕೆಳಗೆ ಸೇರದಂತೆ ಬೋರ್ಡನ್ನು ದೂರವಿಟ್ಟು ಕೊರೆಯಿರಿ. ಹಿಂಬದಿ ಮುಚ್ಚಳದ ಒಳಮೈಯಲ್ಲಿ ಲೋಹದ ಹಾಳೆ ಇದ್ದರೆ ನಿಮ್ಮ ಬೆಸುಗೆಯ ಮೇಲೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ. ಮುಚ್ಚಿದ ಮೇಲೆ ವೇಗವನ್ನು ಮತ್ತೊಮ್ಮೆ ಅಳೆಯಿರಿ, ಆ ಹಾಳೆಯ ಸಾಮೀಪ್ಯಕ್ಕೇ ಒಂದೆರಡು ಸೆಕೆಂಡ್ ವ್ಯತ್ಯಾಸ ಬಂದರೂ ಬಂತು.

ಪರೀಕ್ಷೆ

ಜೋರು ವೇಗದಲ್ಲಿ ಖಾಲಿ ಸುತ್ತು ಓಡಿದರಷ್ಟೇ ಸಾಲದು. ಸೈನ್ ಗ್ರಾಫ್ ಬಿಡಿಸಿ, ದೊಡ್ಡ ಮೇಟ್ರಿಕ್ಸಿನ ವಿಲೋಮ ತೆಗೆಸಿ, ಅದನ್ನು ಮೂಲದಿಂದ ಗುಣಿಸಿ ಸರಿಯಾದ ಉತ್ತರ ಬರುತ್ತದೆಯೇ ನೋಡಿ. ಯಂತ್ರ ನಿಂತುಹೋಗುವುದು ಚಿಕ್ಕ ತೊಂದರೆ. ನಿಲ್ಲದೆ ತಪ್ಪು ಉತ್ತರ ಕೊಟ್ಟರೆ ಅದು ದೊಡ್ಡದು. ಅರ್ಧ ಸವೆದ ಸೆಲ್ ಹಾಕಿಯೂ ಇದನ್ನೆಲ್ಲ ಮಾಡಿ, ವೋಲ್ಟೇಜ್ ಇಳಿದಾಗ ಚಿಪ್ಪುಗಳು ನಿಧಾನವಾಗುತ್ತವೆ, ಹೊಸ ಸೆಲ್ಲಿನಲ್ಲಿ ಸಲೀಸಾಗಿ ಓಡಿದ ವೇಗ ಹಳೆಯದರಲ್ಲಿ ತಡೆಯುವುದಿಲ್ಲ. ಪರದೆ ಕದಡಿದರೆ, ನೆನಪು ಅಳಿಸಿತು ಎಂಬ ಸೂಚನೆ ಮತ್ತೆ ಮತ್ತೆ ಬಂದರೆ, ಕಾಯಂ ಕಪಾಸಿಟರನ್ನು 12ರಿಂದ 15ಕ್ಕೆ ಏರಿಸಿ. ಪೂರ್ತಿ ನಿಂತರೆ ಟ್ರಿಪಲ್ ಎ ಸೆಲ್ ತೆಗೆದು ಹಾಕಿ, ಆಗಲೂ ಏಳದಿದ್ದರೆ ಗುಂಡಿ ಸೆಲ್ಲನ್ನೂ ತೆಗೆದು ಹಾಕಿ.

ಸೆಲ್ ಬೇಗ ಮುಗಿಯುವುದಿಲ್ಲವೇ? ಓಡುತ್ತಿರುವಾಗ ಹೀರುವ ಕರೆಂಟು ವೇಗದ ಜೊತೆಗೇ ಏರುತ್ತದೆ, ನಿಜ. ಆದರೆ ಅದೇ ಲೆಕ್ಕ ಅಷ್ಟೇ ಬೇಗ ಮುಗಿಯುತ್ತದೆ. ಲೆಕ್ಕ ಹಾಕಿಸಿ ಆರಿಸುವ ಅಭ್ಯಾಸದವರಿಗೆ ದೊಡ್ಡ ವ್ಯತ್ಯಾಸ ಕಾಣದು. ಗಂಟೆಗಟ್ಟಲೆ ಆಟವಾಡುವವರು ಸ್ವಿಚ್ಚನ್ನು ಮೂಲ ವೇಗದ ಕಡೆಗೆ ಸರಿಸಿಕೊಳ್ಳಲಿ.

ಎಲ್ಲ ಸರಿಯಿದ್ದರೆ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೊಟ್ಟಣದಲ್ಲಿಟ್ಟ ಹಳೆಯ ಕಪಾಸಿಟರನ್ನು ಸೆಲ್ ಗೂಡಿನ ಮುಚ್ಚಳದ ಒಳಮೈಗೆ ಟೇಪಿನಿಂದ ಅಂಟಿಸಿ. ಪಕ್ಕದಲ್ಲಿ ಒಂದು ಚೀಟಿ: ಸುತ್ತುಗಳ ಸಂಖ್ಯೆ, ಮೂಲ ವೇಗದಲ್ಲಿ ಹಿಡಿದ ಸೆಕೆಂಡು, ಜೋರಿನಲ್ಲಿ ಹಿಡಿದ ಸೆಕೆಂಡು, ಬೆಸೆದ ಎರಡು ಕಪಾಸಿಟರುಗಳ ಬೆಲೆ, ತಾರೀಖು. ನನ್ನ ಅಕ್ಕನ ಟಿಐ-83ರಲ್ಲಿ ಆ ಚೀಟಿ ಈಗಲೂ ಇದೆ, ಪೆನ್ಸಿಲ್ಲಿನಲ್ಲಿ ಬರೆದದ್ದು.